ಹಸುವಿಗೆ ಆಸ್ಪತ್ರೆಯ ಸುದ್ದಿ ತಿಳಿಯದು

ಗಂಡನನ್ನು ‘ಅಡ್ಮಿಟ್ ಮಾಡಬೇಕು’ ಎಂದು ಡಾಕ್ಟರು ಹೇಳಿದಾಗ ತಮಿಳುನಾಡಿನ ಧರ್ಮಪುರಿ ಸೀಮೆಯ ತಾಯಿ ಮೊದಲು ಕೇಳುವುದು ‘ಎಷ್ಟು ದಿನ?’ ಎಂದು. ಕಾಯಿಲೆಯ ಹೆಸರು ಆಮೇಲೆ. ದಿನದ ಲೆಕ್ಕ ಸಿಕ್ಕಿತೆಂದರೆ ಮಿಕ್ಕ ಲೆಕ್ಕವೆಲ್ಲ ಆಕೆಯ ತಲೆಯೊಳಗೇ ಓಡುತ್ತದೆ. ಡಬ್ಬದಲ್ಲಿ ರಾಗಿಹಿಟ್ಟು ಎಷ್ಟಿದೆ, ಅತ್ತೆಯ ಬಿ.ಪಿ. ಮಾತ್ರೆ ಎಂದಿಗೆ ಮುಗಿಯುತ್ತದೆ, ಚಿಕ್ಕವನನ್ನು ಎಬ್ಬಿಸಿ ಶಾಲೆಗೆ ಕಳಿಸುವವರು ಯಾರು, ತಾನಿಲ್ಲದಿದ್ದರೆ ಹಸು ಯಾರಿಗೆ ಸೊರೆ ಬಿಟ್ಟೀತು.

ಹಸುವಿಗೆ ಆಸ್ಪತ್ರೆಯ ಸುದ್ದಿ ತಿಳಿಯದು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೆಯಲೇಬೇಕು. ಬಿಟ್ಟರೆ ಕೆಚ್ಚಲು ಬಿಗಿದು ಬಾವು ಬರುತ್ತದೆ. ಕರೆಯುವ ಕೈ ಬದಲಾದರೆ ಒದೆಯುತ್ತದೆ, ಹಾಲು ಇಳಿಸುವುದಿಲ್ಲ. ಆವಿನ್ ಹಾಲಿನ ಸೊಸೈಟಿಯ ಕ್ಯಾನು ಯಾರಿಗಾಗಿಯೂ ಕಾಯುವುದಿಲ್ಲ. ಮಳೆಯನ್ನೇ ನಂಬಿದ ಹೊಲ ವರ್ಷಕ್ಕೊಮ್ಮೆ ದುಡ್ಡು ತೋರಿಸುತ್ತದೆ. ಉಪ್ಪು, ಎಣ್ಣೆ, ಸೋಪು, ಬಸ್ ಚಾರ್ಜು ನಡೆಯುವುದು ಹಾಲಿನ ದುಡ್ಡಿನಲ್ಲಿ. ಗಂಡ ಮಲಗಿದ ದಿನ ಆ ದುಡ್ಡು ಎಂದಿಗಿಂತ ಹೆಚ್ಚು ಬೇಕು. ಅದೇ ದಿನ ಅದನ್ನು ತರುವ ಕೈಗೆ ಪುರಸೊತ್ತಿಲ್ಲ.

ಕಾಯಿಲೆ ಹೊಕ್ಕ ಮನೆಯನ್ನು ಹಿಡಿದು ನಿಲ್ಲಿಸಿದ ತಾಯಿತಂದೆಯರನ್ನು ನಾವು ತಾಳ್ಮೆ, ತ್ಯಾಗ ಎಂಬ ಮಾತುಗಳಲ್ಲಿ ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಆ ಹೊಗಳಿಕೆಯಿಂದ ಅವರಿಗೆ ಏನೂ ದಕ್ಕಿದ್ದಿಲ್ಲ. ಮನೆ ನಡೆಯುವುದು ಗಂಟೆಗಳ ಮೇಲೆ. ಕಾಯಿಲೆ ಎಷ್ಟು ಗಂಟೆಗಳನ್ನು ಕಿತ್ತುಕೊಂಡಿತು, ಅದರಲ್ಲಿ ಎಷ್ಟನ್ನು ಯಾರು ಹಿಂದಕ್ಕೆ ಕೊಟ್ಟರು ಎಂದು ಕೇಳಬೇಕು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಕೆಲವು ಉತ್ತರಗಳು ಸಿಕ್ಕಿವೆ. ಗಡಿಯ ಈಚೆ ಕರ್ನಾಟಕದಲ್ಲಿರುವ ನಮಗೂ ಬೇಕಾದ ಉತ್ತರಗಳು ಅವು.

ಧರ್ಮಪುರಿ ಜಿಲ್ಲೆಯ ಪೂರ್ವದಂಚಿನಲ್ಲಿ, ಕಲ್ವರಾಯನ್ ಬೆಟ್ಟಕ್ಕೂ ಸಿತ್ತೇರಿ ಬೆಟ್ಟಕ್ಕೂ ನಡುವೆ ಸಿತ್ತಿಲಿಂಗಿ ಎಂಬ ಕಣಿವೆಯಿದೆ. ಅಲ್ಲಿರುವವರು ಹೆಚ್ಚಾಗಿ ಮಲೆಯಾಳಿ ಬುಡಕಟ್ಟಿನವರು, ಜೊತೆಗೆ ಲಂಬಾಣಿಗಳು. ಮಲೆಯಾಳಿ ಎಂದರೆ ಇಲ್ಲಿ ಕೇರಳದವರೆಂದು ತಿಳಿಯಬಾರದು. ಮಲೆಯ ಜನ ಎಂದು ಅರ್ಥ, ಆಡುವುದು ತಮಿಳು. 1993ರಲ್ಲಿ ರೆಜಿ ಜಾರ್ಜ್ ಮತ್ತು ಲಲಿತಾ ರೆಜಿ ಎಂಬ ವೈದ್ಯ ದಂಪತಿ ಈ ಕಣಿವೆಗೆ ಬಂದರು. ರೆಜಿ ಅರಿವಳಿಕೆ ತಜ್ಞರು, ಲಲಿತಾ ಹೆರಿಗೆ ತಜ್ಞೆ. ಆಗ ಹತ್ತಿರದ ಆಸ್ಪತ್ರೆ ಎಂದರೆ ಐವತ್ತು ಕಿ.ಮೀ. ಆಚೀಚೆ. ಆಪರೇಷನ್ ಆಗಬೇಕಾದರೆ ನೂರು ಕಿ.ಮೀ. ದಾಟಬೇಕು. ಹುಟ್ಟಿದ ಸಾವಿರ ಕೂಸುಗಳಲ್ಲಿ 147 ಕೂಸು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ.

ಈ ಐವತ್ತು ಕಿಲೋಮೀಟರನ್ನು ಒಬ್ಬ ತಾಯಿಯ ಕಡೆಯಿಂದ ನೋಡೋಣ. ಮಗುವಿಗೆ ರಾತ್ರಿಯಿಂದ ಭೇದಿ. ಕರೆದುಕೊಂಡು ಹೊರಟರೆ ಬಸ್ ಸಿಕ್ಕುವ ಕಡೆಗೆ ನಡೆದು, ಕಾದು, ಹೋಗಿ, ಸಾಲಿನಲ್ಲಿ ನಿಂತು, ತಿರುಗಿ ಬರುವುದರಲ್ಲಿ ಒಂದು ಹಗಲು ಮುಗಿಯುತ್ತದೆ. ಅಲ್ಲೇ ಉಳಿಸಿಕೊಂಡರೆ ಎಷ್ಟು ದಿನವೋ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಕಟ್ಟಿದ ಆಡು, ಕಳೆ ತೆಗೆಯಬೇಕಾದ ಸಾಮೆ ಹೊಲ. ‘ಬೆಳಗಾಗಲಿ, ನೋಡೋಣ’ ಎಂದು ಆಕೆ ಅಂದರೆ ಅದನ್ನು ಅಜ್ಞಾನ ಎನ್ನಬಾರದು. ಒಂದು ಮಗುವಿಗಾಗಿ ಉಳಿದ ಮಕ್ಕಳನ್ನು ಪಣಕ್ಕಿಡಲು ಆಗದವಳು ಹಾಕಿದ ಲೆಕ್ಕ ಅದು. ಆದರೆ ಭೇದಿ ಬೆಳಗಿನವರೆಗೆ ಕಾಯುವುದಿಲ್ಲ. ಹತ್ತು ಕೆ.ಜಿ. ತೂಗುವ ಮಗುವಿನ ಮೈಯಿಂದ ಒಂದು ಲೀಟರ್ ನೀರು ಹೋದರೆ ಸಾಕು, ಜೀವಕ್ಕೇ ಅಪಾಯ. ಕಣ್ಣು ಗುಳಿ ಬೀಳುತ್ತದೆ, ಚಿವುಟಿದ ಚರ್ಮ ನಿಧಾನವಾಗಿ ಕೂರುತ್ತದೆ, ಉಚ್ಚೆ ನಿಲ್ಲುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ.

ಇದನ್ನು ತಡೆಯುವ ಮದ್ದು ಒಲೆಯ ಪಕ್ಕದಲ್ಲೇ ಇದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಚಹಾದ್ದು, ಅಳತೆ ತಲೆತಟ್ಟು, ಉಪ್ಪು ಹೆಚ್ಚಾಗಕೂಡದು. ಸಕ್ಕರೆ ಇದರಲ್ಲಿ ರುಚಿಗೆ ಬಂದದ್ದಲ್ಲ. ಕರುಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವಾಗ ಉಪ್ಪನ್ನೂ ಜೊತೆಗೆ ಎಳೆಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಚಮಚ ಚಮಚವಾಗಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಮತ್ತೆ. ಎದೆಹಾಲು ನಿಲ್ಲಿಸಬಾರದು. ಮೇಲೆ ಹೇಳಿದ ಚಿಹ್ನೆ ಕಂಡರೆ ಕುಡಿಸುತ್ತಲೇ ಹೊರಡಬೇಕು.

ಇಷ್ಟನ್ನು ತಿಳಿಸುವುದಕ್ಕೆ ದೊಡ್ಡ ಕಟ್ಟಡ ಬೇಡ. ಸರಿಯಾದ ಹೊತ್ತಿನಲ್ಲಿ, ನಂಬಿಕೆಯ ಬಾಯಿಂದ ಬರಬೇಕು. ರೆಜಿ, ಲಲಿತಾ ಅವರ ಟ್ರೈಬಲ್ ಹೆಲ್ತ್ ಇನಿಷಿಯೇಟಿವ್ ಶುರುವಾದದ್ದು ಒಂದು ಗುಡಿಸಲಿನಲ್ಲಿ. ಒಂದು ಬಲ್ಬು, ಒಂದು ಮರದ ಬೆಂಚು. ಮೊದಲ ವರ್ಷಗಳ ಹೆರಿಗೆ, ಆಪರೇಷನ್ ಎಲ್ಲ ಅಲ್ಲೇ. ಅವರು ಕಣಿವೆಯ ಹುಡುಗಿಯರಿಗೇ ನರ್ಸಿನ ಕೆಲಸ ಕಲಿಸಿದರು. ಹಳ್ಳಿಹಳ್ಳಿಯ ನಡುವಯಸ್ಸಿನ ಹೆಂಗಸರಿಗೆ ತರಬೇತಿ ಕೊಟ್ಟು ಆರೋಗ್ಯ ಸಹಾಯಕಿಯರನ್ನಾಗಿ ಮಾಡಿದರು. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು ಬಂದು ಬಾಗಿಲಲ್ಲಿ ಕುಳಿತು ಹೇಳಿದ ಮಾತನ್ನು ಸೊಸೆಯೂ ಕೇಳುತ್ತಾಳೆ, ಅತ್ತೆಯೂ ಕೇಳುತ್ತಾಳೆ. ಬಸುರಿಯ ಕಾಲು ಊದಿದ್ದನ್ನು ನೋಡಿ ‘ನಾಳೆ ಅಲ್ಲ, ಇವತ್ತೇ’ ಎನ್ನುವ ಧೈರ್ಯ ಆಕೆಗಿದೆ. ಕಾಲ ಕಳೆದಂತೆ ಗುಡಿಸಲಿದ್ದ ಕಡೆ ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯೇ ಎದ್ದಿತು; ಶಿಶುಮರಣ ಸಾವಿರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಥಿಯೇಟರು ಇಲ್ಲದೆ ಇದು ಆಗುತ್ತಿರಲಿಲ್ಲ. ಆದರೆ ಥಿಯೇಟರಿಗೆ ಹೊತ್ತು ಮೀರುವ ಮೊದಲು ತಲುಪಿಸಿದವರು ಆ ಹೆಂಗಸರು. ಅವರ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಕಡಿಮೆ ಎಂಬುದು ನನ್ನ ಮನಸ್ಸಿಗೆ ಚುಚ್ಚುತ್ತದೆ.

ಅದೇ ಕಣಿವೆಯ ಲಂಬಾಣಿ ಹೆಂಗಸರು ಮರೆತೇ ಹೋಗುತ್ತಿದ್ದ ತಮ್ಮ ಕಸೂತಿಯನ್ನು ಮತ್ತೆ ಕಲಿತು ‘ಪೊರ್ಗೈ’ ಎಂಬ ಸಂಘ ಕಟ್ಟಿಕೊಂಡಿದ್ದಾರೆ. ಅವರ ಮಾತಿನಲ್ಲಿ ಪೊರ್ಗೈ ಎಂದರೆ ಹೆಮ್ಮೆ. ಕಸೂತಿಯ ಚೆಲುವನ್ನು ಹೊಗಳುವವರು ಬಹಳ. ನಾನು ಬೇರೊಂದು ಗುಣವನ್ನು ಎತ್ತಿ ಹೇಳಬೇಕು: ಸೂಜಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಗಂಜಿ ಕಾಯಿಸಲು, ಮಲಗಿದವರ ಮಗ್ಗುಲು ಹೊರಳಿಸಲು, ಜ್ವರ ಮುಟ್ಟಿ ನೋಡಲು ಎದ್ದು ಹೋಗಿ ಬಂದು ಮತ್ತೆ ಹಿಡಿಯಬಹುದು. ಜಲ್ಲಿ ಹೊರುವ ಕೂಲಿಯಲ್ಲಿ ಅದು ಆಗದು.

ಒಂದು ಕಣಿವೆಯಲ್ಲಿ ಆದದ್ದು ಜಿಲ್ಲೆಗೆಲ್ಲ ಆಗಬೇಕಾದರೆ ಸರ್ಕಾರವೇ ನಡೆಯಬೇಕು. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಹಾಗೆ ನಡೆಯಲು ಹೊರಟಿತು. ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿಕೊಂಡು ಹೋಗುವ ಚಿಕಿತ್ಸೆ. ಯೋಜನೆ ಉದ್ಘಾಟನೆಯಾದ ಸಾಮನಪಳ್ಳಿ ಇರುವುದು ಕೃಷ್ಣಗಿರಿ ಜಿಲ್ಲೆಯಲ್ಲಿ. 2004ರಲ್ಲಿ ಬೇರೆಯಾಗುವವರೆಗೆ ಅದೂ ಧರ್ಮಪುರಿಯೇ. ಸ್ವಸಹಾಯ ಸಂಘದಿಂದ ಬಂದ ಕಾರ್ಯಕರ್ತೆ ಬಿ.ಪಿ., ಸಕ್ಕರೆ ಕಾಯಿಲೆಯವರ ಮಾತ್ರೆಯನ್ನು ಮನೆಗೇ ತಲುಪಿಸುತ್ತಾಳೆ. ಪಾರ್ಶ್ವವಾಯು ಹೊಡೆದವರಿಗೆ ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಾರೆ. ಹಾಸಿಗೆ ಹಿಡಿದವರ ಹುಣ್ಣು ತೊಳೆಯಲು, ನೋವು ತಗ್ಗಿಸಲು ನರ್ಸು ಬರುತ್ತಾರೆ.

ಅತ್ತೆಯ ಮಾತ್ರೆಗಾಗಿ ತಿಂಗಳಿಗೊಂದು ಹಗಲು ಓ.ಪಿ. ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಸೊಸೆಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ತಿಂಗಳಿಗೆ ಒಂದು ಕೂಲಿ ಉಳಿಯಿತು. ವರ್ಷಕ್ಕೆ ಹನ್ನೆರಡು. ಮಾತ್ರೆ ತಪ್ಪದೆ ನುಂಗಿದ್ದರಿಂದ ಪಾರ್ಶ್ವವಾಯು ಬರದೇ ಹೋದರೆ ಉಳಿದ ವರ್ಷಗಳ ಲೆಕ್ಕ ಬೇರೆಯೇ ಇದೆ.

ಮನೆ ಹಿಡಿದು ನಿಂತವರು ಯಾವಾಗಲೂ ತಾಯಂದಿರೇ ಎಂದೇನಿಲ್ಲ. ನೂರು ವರ್ಷಗಳ ಹಿಂದೆ ಸೇಲಂನಲ್ಲಿ ಒಬ್ಬ ತಂದೆ ಇದ್ದರು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1900ರಲ್ಲಿ ಸೇಲಂಗೆ ಬಂದು ವಕೀಲಿಕೆ ಹಿಡಿದು ಹೆಸರು ಮಾಡಿದವರು. ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಹೆಂಡತಿ ಅಲಮೇಲು ಮಂಗಮ್ಮ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಬಂದು, ಐದು ಮಕ್ಕಳನ್ನು ಹೆತ್ತು, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಕೊನೆಯ ಮಗಳು ಲಕ್ಷ್ಮಿ ಹುಟ್ಟಿದ್ದು 1912ರಲ್ಲಿ. ತಾಯಿ ಹೋದಾಗ ಅದಿನ್ನೂ ಕೂಸು. ಆ ಕಾಲದಲ್ಲಿ ಗಂಡಸಿಗೆ ಮೊದಲು ಹೊಳೆಯುತ್ತಿದ್ದ ದಾರಿ ಇನ್ನೊಂದು ಮದುವೆ. ರಾಜಾಜಿ ಆಗಲಿಲ್ಲ. ತಾವೇ ಉಬ್ಬಸದಿಂದ ನರಳುತ್ತಿದ್ದವರು, ಮೂವರು ಗಂಡು, ಇಬ್ಬರು ಹೆಣ್ಣುಮಕ್ಕಳ ಹೊಣೆ ಹೊತ್ತರು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದಾಗ ಅವರು ತಾಯಿಯಿಲ್ಲದ ಐದು ಮಕ್ಕಳ ತಂದೆ. 1921ರ ಕೊನೆಯಲ್ಲಿ ಅಸಹಕಾರ ಚಳವಳಿಗಾಗಿ ವೆಲ್ಲೂರು ಜೈಲಿಗೆ ನಡೆದಾಗಲೂ ಅಷ್ಟೇ. ಅವರ ರಾಜಕೀಯದ ಬಗ್ಗೆ ರಾಶಿ ಪುಸ್ತಕಗಳಿವೆ. ಅವರು ಕೋರ್ಟಿನಿಂದ ಮನೆಗೆ ಬಂದ ಸಂಜೆಗಳ ಬಗ್ಗೆ ಯೋಚಿಸಿದವರು ಕಡಿಮೆ.

ಆದರೆ ಈ ಕತೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದೊಡ್ಡ ಮಗಳು ನಾಮಗಿರಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಂದೆಯ ಬಳಿಗೆ ಬಂದರು. ಮುಂದೆ ಮನೆ ನಡೆಸಿದ್ದು, ತಂದೆಯನ್ನು ನೋಡಿಕೊಂಡಿದ್ದು ಅವರೇ. ಒಳ್ಳೆಯ ಸಂಪಾದನೆ ಇದ್ದ, ದೇಶವೇ ಗೌರವಿಸಿದ ಮನೆಯಲ್ಲೂ ಕೊನೆಗೆ ಹೊಣೆ ಜಾರಿ ಬಂದು ನಿಂತದ್ದು ಹೆಣ್ಣುಮಗಳ ಹೆಗಲ ಮೇಲೆ. ಏನೂ ಇಲ್ಲದ ಮನೆಯಲ್ಲಿ ಅದು ಇನ್ನೂ ಬೇಗ ಜಾರುತ್ತದೆ. ತಾಯಿ ಆಸ್ಪತ್ರೆಯಲ್ಲಿ ಕುಳಿತ ದಿನ ದೊಡ್ಡ ಹುಡುಗಿ ಶಾಲೆಗೆ ಹೋಗುವುದಿಲ್ಲ. ತಮ್ಮನಿಗೆ ಉಣಿಸಬೇಕು, ನೀರು ಹಿಡಿಯಬೇಕು, ಅಜ್ಜಿಯನ್ನು ನೋಡಬೇಕು. ಎರಡು ದಿನ ಎರಡು ವಾರವಾಗುತ್ತದೆ. ಹಿಂದುಳಿದ ಪಾಠ ಕೈಗೆ ಹತ್ತುವುದಿಲ್ಲ. ಬಾಲ್ಯವಿವಾಹ ಇನ್ನೂ ಪೂರ್ತಿ ಅಳಿಯದ ಈ ಜಿಲ್ಲೆಗಳಲ್ಲಿ, ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿಯ ಬಗ್ಗೆ ನೆಂಟರು ಮಾತೆತ್ತಲು ಬಹಳ ದಿನ ಬೇಡ. ತಂದೆಯ ಕಾಯಿಲೆಯ ನಿಜವಾದ ಬೆಲೆಯನ್ನು ಹೀಗೆ ಹದಿನಾಲ್ಕು ವರ್ಷದ ಮಗಳು ತೆರುತ್ತಾಳೆ. ಆಸ್ಪತ್ರೆಯ ಯಾವ ಕಡತದಲ್ಲೂ ಅದು ದಾಖಲಾಗುವುದಿಲ್ಲ.

ಆದ್ದರಿಂದಲೇ ಶಾಲೆಯ ಬೆಳಗಿನ ತಿಂಡಿಯನ್ನು ನಾನು ಆರೋಗ್ಯ ಯೋಜನೆ ಎಂದೇ ಎಣಿಸುತ್ತೇನೆ. ತಮಿಳುನಾಡಿನಲ್ಲಿ ಮಧ್ಯಾಹ್ನದ ಊಟ ಕಾಮರಾಜರ ಕಾಲದ್ದು; 1982ರಲ್ಲಿ ಎಂ.ಜಿ.ಆರ್. ಅದನ್ನು ಹಿಗ್ಗಿಸಿದರು. ಮುಖ್ಯಮಂತ್ರಿಗಳ ಉಪಾಹಾರ ಯೋಜನೆ ಶುರುವಾದದ್ದು 2022ರ ಸೆಪ್ಟೆಂಬರ್ 15ರಂದು ಮದುರೆಯಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಐದನೇ ತರಗತಿಯವರೆಗೆ ಉಪ್ಪಿಟ್ಟು, ಕಿಚಡಿ, ಪೊಂಗಲ್, ಜೊತೆಗೆ ಸಾಂಬಾರು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬ ಕಾರಣ ಕೊಟ್ಟು ಇದನ್ನು ತಂದರು, ಸರಿಯೇ. ಆದರೆ ರಾತ್ರಿಯೆಲ್ಲ ಗಂಡನ ಬಳಿ ಎದ್ದಿದ್ದ ತಾಯಿಗೆ ಅದು ಬೆಳಗ್ಗೆ ಉಳಿದ ಒಂದೂವರೆ ಗಂಟೆ. ದೊಡ್ಡ ಮಗಳಿಗೆ ಅದು ಫಸ್ಟ್ ಬೆಲ್‌ಗೆ ಶಾಲೆ ಸೇರುವ ದಾರಿ, ಏಕೆಂದರೆ ತಮ್ಮ ಶಾಲೆಯಲ್ಲೇ ಉಣ್ಣುತ್ತಾನೆ.

ಇನ್ನು ಕೆಲವನ್ನೂ ಇದೇ ಪಟ್ಟಿಗೆ ಸೇರಿಸುತ್ತೇನೆ. 2021ರ ಮೇ ತಿಂಗಳಿಂದ ಸಾಮಾನ್ಯ ಟೌನ್ ಬಸ್‌ಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮಲಗಿದವನಿಗೆ ಬುತ್ತಿ ಕೊಟ್ಟು ಸಂಜೆ ಹಸು ಕರೆಯುವ ಹೊತ್ತಿಗೆ ಮನೆ ಸೇರುವ ಹೆಂಗಸಿಗೆ ಅದು ದಿನವೂ ಉಳಿಯುವ ಕಾಸು. ದೂರದ ಊರಿನ ಬಸ್ಸುಗಳಿಗೆ ಅದಿಲ್ಲ ಎಂಬುದು ಬೆಟ್ಟದ ತಪ್ಪಲಿನವರ ಕೊರತೆ. ಸರ್ಕಾರಿ ಆಸ್ಪತ್ರೆ ರೋಗಿಗೆ ಊಟ ಕೊಡುತ್ತದೆ, ಕಾಲಬಳಿ ಕುಳಿತವಳಿಗೆ ಕೊಡುವುದಿಲ್ಲ. 2013ರಲ್ಲಿ ಚೆನ್ನೈಯಿಂದ ಸೇಲಂಗೂ ಬಂದ ಅಮ್ಮ ಉಣವಗಂ ಎಂಬ ಸರ್ಕಾರಿ ಕ್ಯಾಂಟೀನಿನಲ್ಲಿ ಒಂದು ರೂಪಾಯಿಗೆ ಇಡ್ಲಿ, ಮೂರು ರೂಪಾಯಿಗೆ ಮೊಸರನ್ನ. ರೋಗಿಗೆ ಔಷಧ ತಂದು, ಕೈಯಲ್ಲಿ ಉಳಿದ ಚಿಲ್ಲರೆಯಲ್ಲಿ ತಾನು ಚಹಾ ಕುಡಿದು ಮಲಗುವ ಹೆಂಗಸರನ್ನು ಕಂಡವರಿಗೆ ಆ ಇಡ್ಲಿಯ ತೂಕ ಗೊತ್ತು. ಹೆಂಗಸರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವ ಮಗಳಿರ್ ಉರಿಮೈ ತೊಗೈಗೆ ಅರ್ಜಿ ಬರೆಸುವ ಶಿಬಿರಗಳಿಗೆ 2023ರ ಜುಲೈನಲ್ಲಿ ಚಾಲನೆ ಸಿಕ್ಕಿದ್ದು ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ. ನಮ್ಮ ಗೃಹಲಕ್ಷ್ಮಿಯ ನೆಂಟಳು ಅದು. ಹೆಸರಲ್ಲಿ ಇರುವುದು ‘ಉರಿಮೈ’, ಹಕ್ಕು. ನೆರವು ಎಂಬ ಮಾತಿಲ್ಲ. ಮನೆಗೆಲಸಕ್ಕೆ ಬೆಲೆಯಿದೆ ಎಂದು ಸರ್ಕಾರವೊಂದು ಹೆಸರಿನಲ್ಲೇ ಒಪ್ಪಿಕೊಂಡದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಐದು ಲಕ್ಷದ ಮುಖ್ಯಮಂತ್ರಿ ವಿಮೆಯನ್ನು ಈ ಪಟ್ಟಿಯಲ್ಲಿ ಸೇರಿಸಲಿಲ್ಲ. ಅದು ದೊಡ್ಡ ಉಪಕಾರ. ಆದರೆ ಅದು ಕಟ್ಟುವುದು ಆಪರೇಷನ್ನಿನ ಬಿಲ್ಲು. ತಪ್ಪಿದ ಕೂಲಿ, ಸಾಕಲಾರದೆ ಮಾರಿದ ಆಡು, ಪಕ್ಕದ ಮನೆಯವರಲ್ಲಿ ತಂದ ಕೈಗಡ ಅದರ ಲೆಕ್ಕಕ್ಕೆ ಬರುವುದಿಲ್ಲ.

ಸೇಲಂ ಪಟ್ಟಣದೊಳಗೆ ಕತೆ ಬೇರೆ ತರಹ. ಅಮ್ಮಾಪೇಟೆ, ಗುಗೈ ಕಡೆಯ ನೇಕಾರರಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಆಡುವ ದೇವಾಂಗ ಕುಟುಂಬಗಳಿವೆ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಹಳೆಯ ಕನ್ನಡ. ಅಲ್ಲಿ ಆಸ್ಪತ್ರೆ ದೂರವಿಲ್ಲ. ಮಗ್ಗವೇ ಮನೆ ಎಂಬುದು ಅಲ್ಲಿನ ಕಷ್ಟ. ಕೈಮಗ್ಗ ಒಬ್ಬರ ಕೆಲಸವೆಂದು ಹೊರಗಿನವರು ತಿಳಿಯುತ್ತಾರೆ. ಮಗ್ಗದ ಗುಂಡಿಗೆ ಇಳಿಯುವವನು ಒಬ್ಬ, ನಿಜ. ಅವನ ಲಾಳಿಗೆ ಕಂಡಿಕೆ ಸುತ್ತುವವಳು ಹೆಂಡತಿ, ನೂಲು ಬಿಡಿಸುವವರು ಅಪ್ಪಅಮ್ಮ, ಹಾಸಿನ ಎಳೆ ಕೂಡಿಸಲು ಬೇಕಾದದ್ದು ಎಳೆಯ ಕಣ್ಣು. ಕಂಡಿಕೆ ಸುತ್ತುವವಳು ಕೆಮ್ಮಿ ಮಲಗಿದರೆ ಲಾಳಿ ನಿಲ್ಲುತ್ತದೆ. ಸಂಬಳ ಸೀರೆಗಿಷ್ಟು ಎಂದು ಇರುವುದರಿಂದ, ಅರ್ಧ ನೆಯ್ದ ಸೀರೆಗೆ ಅರ್ಧ ದುಡ್ಡೂ ಬರುವುದಿಲ್ಲ. ಆ ಕೆಮ್ಮು ಎರಡು ವಾರ ದಾಟಿತೆಂದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯವೆಂದು ಗೊತ್ತಾದ ಮನೆಯಲ್ಲಿ ಆಕೆಯ ತಟ್ಟೆ ಲೋಟ ಬೇರೆ ಇಡುತ್ತಾರೆ, ಮಗುವನ್ನು ಎತ್ತಬೇಡ ಎನ್ನುತ್ತಾರೆ. ಕ್ಷಯ ತಟ್ಟೆಯಿಂದ ಬರುವುದಿಲ್ಲ; ಕೆಮ್ಮಿದ ಗಾಳಿಯಿಂದ, ಕಿಟಕಿಯಿಲ್ಲದ ಕೋಣೆಯಿಂದ ಬರುತ್ತದೆ. ಸರಿಯಾದ ಮಾತ್ರೆ ಶುರುವಾದ ಕೆಲವು ವಾರಗಳಲ್ಲೇ ಹರಡುವ ಗುಣ ಬಹಳ ಇಳಿಯುತ್ತದೆ. ಮಾತ್ರೆಯನ್ನು ಮಾತ್ರ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ತಟ್ಟೆ ಬೇರೆ ಮಾಡುವ ಬದಲು ಕಿಟಕಿ ತೆಗೆದರೆ ಆ ಮನೆ ಉಳಿಯುತ್ತದೆ.

ಧರ್ಮಪುರಿಯ ಎಷ್ಟೋ ಮನೆಗಳಲ್ಲಿ ಗಂಡ ಊರಲ್ಲಿರುವುದೇ ಇಲ್ಲ. ಬೆಂಗಳೂರಿನ ಕಟ್ಟಡಗಳಲ್ಲಿ ಸೆಂಟ್ರಿಂಗ್, ಗಾರೆ ಕೆಲಸ. ಮಗುವಿಗೆ ಜ್ವರ ಏರಿದ ರಾತ್ರಿ ಫೋನಿನಲ್ಲಿ ಆಡುವ ಮಾತು ಒಂದೇ: ಬರಬೇಕಾ, ಬೇಡವಾ. ಬಂದರೆ ಕೂಲಿ ಹೋಯಿತು, ಬಾರದಿದ್ದರೆ ಎದೆ ಒಡೆಯಿತು. ನಮ್ಮ ನಗರದ ಗೋಡೆ ಕಟ್ಟುವವನ ಈ ಫೋನು ನಮ್ಮದೂ ಸಂಗತಿ. ಎರಡು ದಿನ ರಜೆ ಕೇಳಿದರೆ ಕೂಲಿ ಮುರಿಯದೆ ಕಳಿಸುವ ಮೇಸ್ತ್ರಿಯೊಬ್ಬ ಎಷ್ಟು ದೊಡ್ಡ ವೈದ್ಯ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಕೊನೆಗೆ ಮೂತ್ರಪಿಂಡ ಸೋತವರ ಮನೆ. ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ. ಹಳ್ಳಿಯಿಂದ ಹೋಗಿಬರುವ ದಾರಿ ಸೇರಿದರೆ ಮಲಗಿದವನದೂ ಜೊತೆಗೆ ಬಂದವಳದೂ ಆ ಇಡೀ ದಿನ ಮುಗಿಯಿತು. ಇನ್ನೊಂದು ಬಗೆ ಇದೆ. ಹೊಟ್ಟೆಯೊಳಗಿನ ತೆಳುಪೊರೆಯನ್ನೇ ಜರಡಿಯಾಗಿ ಬಳಸುವುದು. ಕೊಳವೆಯ ಮೂಲಕ ಎರಡು ಲೀಟರ್ ದ್ರವ ಒಳಗೆ ಬಿಟ್ಟು, ಕೆಲವು ಗಂಟೆ ಇರಿಸಿ, ಕಲ್ಮಶದ ಸಮೇತ ಹೊರಗೆ ಬಸಿಯುವುದು. ದಿನಕ್ಕೆ ಮೂರು ನಾಲ್ಕು ಚೀಲ, ಒಂದೊಂದಕ್ಕೂ ಅರ್ಧ ಗಂಟೆ. ಮನೆಯಲ್ಲೇ ಆಗುತ್ತದೆ. ‘ಮಕ್ಕಳೈ ತೇಡಿ’ ಯೋಜನೆಯಲ್ಲಿ ಆ ಚೀಲಗಳನ್ನೂ ಮನೆಗೆ ತಲುಪಿಸುತ್ತಾರೆ. ಹಾಗೆಂದು ಶ್ರಮ ಕರಗಿಹೋಗಲಿಲ್ಲ. ಆಸ್ಪತ್ರೆಯಿಂದ ಮನೆಯವರ ಕೈಗೆ ಬಂತು. ಕೊಳವೆಯ ಬಾಯಿಗೆ ಒಂದಿಷ್ಟು ಧೂಳು ತಾಗಿದರೂ ಹೊಟ್ಟೆಯೊಳಗೆ ಸೋಂಕಿನ ಭಯ. ಬಸಿದ ನೀರು ಮೊಸರು ಕದಡಿದಂತೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಆದರೂ ಈ ಗಂಟೆಗಳು ಮನೆಯೊಳಗಿವೆ, ಮನೆಯ ಉಳಿದ ಗಂಟೆಗಳ ನಡುವೆ ಕೂರುತ್ತವೆ. ಹಸು ಕರೆದು ಕೈ ತೊಳೆದು ಮೊದಲ ಚೀಲ. ಮಧ್ಯಾಹ್ನ ಮುದ್ದೆ ತಿರುವುವ ಮೊದಲು ಎರಡನೆಯದು. ಮಕ್ಕಳು ಶಾಲೆಯಿಂದ ಬಂದ ಮೇಲೆ ಇನ್ನೊಂದು. ರಾತ್ರಿ ಕೊನೆಯದಕ್ಕೆ ಹೆಂಡತಿ ಬಾಗಿಲು ಮುಚ್ಚುತ್ತಾಳೆ, ಕಿಟಕಿ ಮುಚ್ಚುತ್ತಾಳೆ, ಧೂಳು ಹಾರದಿರಲೆಂದು ಫ್ಯಾನ್ ನಿಲ್ಲಿಸುತ್ತಾಳೆ. ಸೋಪು ಹಚ್ಚಿ ಮೊಳಕೈವರೆಗೆ ತಿಕ್ಕಿ, ಬಾಯಿಗೆ ಮಾಸ್ಕ್ ಕಟ್ಟುತ್ತಾಳೆ. ಬೇಸಿಗೆಯ ಧಗೆಯಲ್ಲಿ ಅರ್ಧ ಗಂಟೆ ಇಬ್ಬರೂ ಬೆವರುತ್ತ ಕೂರುತ್ತಾರೆ. ಮಕ್ಕಳು ಹೊರಗೆ ಜಗುಲಿಯ ಲೈಟಿನಲ್ಲಿ ಹೋಂವರ್ಕ್ ಮಾಡುತ್ತಿರುತ್ತಾರೆ. ಕೊಳವೆಯ ಬಾಯಿ ಮುಚ್ಚಿ, ಚೀಲ ತೂಗಿ, ಪುಸ್ತಕದಲ್ಲಿ ಅಳತೆ ಬರೆದು ಆಕೆ ಬಾಗಿಲು ತೆಗೆಯುತ್ತಾಳೆ. ಫ್ಯಾನ್ ಹಾಕುತ್ತಾಳೆ. ಮಕ್ಕಳು ಚಾಪೆ ಎತ್ತಿಕೊಂಡು ಒಳಗೆ ಬರುತ್ತಾರೆ.